ಅವ್ವ ತೊಟ್ಟ ಸ್ಯಾಂಪಲ್

ಸೋಮವಾರ ಬೆಳಿಗ್ಗೆಯೂ ಅಂಗಿಯ ತೋಳಿನ ಕಲೆ ಹೋಗಿರಲಿಲ್ಲ. ನಿಂಬೆಹುಳಿ, ಸೋಪು, ಬಿಸಿಲು ಎಲ್ಲ ಆದಮೇಲೂ ಹಿಪ್ಪುನೇರಳೆ ಹಣ್ಣಿನ ಬಣ್ಣ ಹೆಬ್ಬೆಟ್ಟಿನಷ್ಟು ಉಳಿದಿತ್ತು. ಯಾರಿಗಾದರೂ ಹೇಳಬೇಕಿತ್ತು. ಡೈರಿಯಲ್ಲಿ ಮಾತ್ರ ಬರೆದುಕೊಂಡೆ.

ರಾಮನಗರದಲ್ಲಿ ಜಯಕುಮಾರ್ ಅವರ ಹೊಲಿಗೆ ಘಟಕದಲ್ಲಿ ಬಟ್ಟೆ ಕತ್ತರಿಸುವುದು ನನ್ನ ಕೆಲಸ. ಬಿ.ಎ. ಮುಗಿದಿದೆ, ಬಾಯಿ ಮಾತ್ರ ಇಲ್ಲ. ಈ ಸಲದ ಆರ್ಡರು ಹಳೇ ಕಾಲದ ಕೌಬಾಯ್ ಅಂಗಿ: ದಪ್ಪ ಬಟ್ಟೆ, ಹೆಗಲ ಮೇಲಿಂದ ಕೊಕ್ಕಿನಂತೆ ಇಳಿಯುವ ಇನ್ನೊಂದು ಪದರ, ಪ್ರೆಸ್ ಬಟನ್. ಕೆಲಸಗಾರರ ಉಡುಪು, ಇಲ್ಲೇ ನೇಯ್ದು ಇಲ್ಲೇ ಹೊಲಿದದ್ದು ಎಂದು ಲೇಬಲ್ಲಿನಲ್ಲಿ ಬರೆಯುತ್ತಾರಂತೆ. ಫೋನಿನ ಪಟದಲ್ಲಿದ್ದಂತೆಯೇ ಬರಬೇಕು, ಒಂದು ನೂಲೂ ಆಚೀಚೆ ಆಗಕೂಡದು ಎಂದು ಜಯಕುಮಾರ್ ಹೇಳಿದ್ದರು.

ಯಾವ ಕೆಲಸಗಾರರು? ನಮ್ಮೂರು ಕೈಲಾಂಚದಲ್ಲಿ ನಮ್ಮವ್ವ ಸರಸಮ್ಮ ಸೀರೆಯ ಮೇಲೆ ಅಪ್ಪನ ಹಳೇ ಅಂಗಿ ಹಾಕಿಕೊಂಡೇ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವುದು. ಅವಳನ್ನು ಯಾರೂ ಕೇಳಿರಲಿಲ್ಲ. ಶನಿವಾರ, ಒಪ್ಪಿಗೆಗೆಂದು ಮೊದಲು ಹೊಲಿದಿದ್ದ ಸ್ಯಾಂಪಲ್ ಅಂಗಿಯನ್ನು ಯಾರಿಗೂ ಹೇಳದೆ ಊಟದ ಚೀಲದಲ್ಲಿ ತುರುಕಿಕೊಂಡು ಮನೆಗೆ ತಂದೆ. ಭಾನುವಾರ ಅವ್ವ ಅದನ್ನು ತೊಟ್ಟು ತೋಟಕ್ಕಿಳಿದಳು. ಕಡ್ಡಿ ಸಿಕ್ಕಿದರೆ ಬಟನ್ ತಾನೇ ಬಿಚ್ಚಿಕೊಳ್ಳುತ್ತಿತ್ತು, ಬಟ್ಟೆ ಹರಿಯುತ್ತಿರಲಿಲ್ಲ. ಅದು ಅವಳಿಗೆ ಹಿಡಿಸಿತು. ಆದರೆ ಹೊರೆಯನ್ನು ತಲೆಗೆತ್ತಿದ ಕೂಡಲೇ ಕಂಕುಳು ಪರ್ ಎಂದಿತು.

"ಇದ ಕತ್ತರಿಸ್ದೋನು ಒಂದಿನಾನೂ ಹೊರೆ ಎತ್ತಿಲ್ಲ ಕಣವ್ವ," ಅಂದಳು.

ಕತ್ತರಿಸಿದವಳು ನಾನೇ. ಮಧ್ಯಾಹ್ನವೇ ಕೂತು ಎರಡೂ ಕಂಕುಳಿಗೆ ನಾಲ್ಕು ಮೂಲೆಯ ತುಂಡು ಕೊಟ್ಟು ಹೊಲಿದೆ. ಅವ್ವ ಕೈಯೆತ್ತಿ ನೋಡಿ ಮತ್ತೆ ತೋಟಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಹೊರೆಯೊಂದಿಗೆ ಬಂದಾಗ ತೋಳಿಗೆ ಹಣ್ಣಿನ ಕಲೆ ಹತ್ತಿತ್ತು.

ಸೋಮವಾರ ಅಂಗಿಯನ್ನು ಘಟಕದಲ್ಲಿ ಮತ್ತೆ ಇದ್ದಲ್ಲಿಯೇ ಇಟ್ಟೆ. ಆರ್ಡರ್ ಕೊಟ್ಟಿದ್ದ ಶೀಬಾ ಮೇಡಂ ಬಂದರು. ಅಂಗಿಯನ್ನು ಮೇಜಿನ ಮೇಲೆ ಹರಡಿದರು. ಅವರ ಬೆರಳು ಮೊದಲು ಕಲೆಯ ಮೇಲೆ, ಆಮೇಲೆ ಕಂಕುಳಿನ ಮೇಲೆ ನಿಂತಿತು. ಪಟದಲ್ಲಿ ಈ ತುಂಡು ಇಲ್ಲವಲ್ಲ ಎಂದು ಕೇಳಿದರು. ಜಯಕುಮಾರ್ ಹಿನಾಳ ಕಡೆ ತಿರುಗಿದರು. ಸ್ಯಾಂಪಲ್ ಹೊಲಿದವಳು ಅವಳು. ತನಗೆ ಗೊತ್ತಿಲ್ಲ ಎಂದು ಅವಳು ಎಷ್ಟು ಹೇಳಿದರೂ ಕೇಳದೆ, ನಾಳೆಯಿಂದ ಬರಬೇಡ ಎಂದುಬಿಟ್ಟರು. ಹಿನಾ ತನ್ನ ನೂಲಿನ ಬಾಬಿನ್ನುಗಳನ್ನು ಡಬ್ಬಿಗೆ ಹಾಕತೊಡಗಿದಳು.

ಜಯಕುಮಾರ್ ಕತ್ತರಿಯನ್ನು ನನ್ನ ಮುಂದೆ ತಳ್ಳಿದರು. "ತಗೊ ಸೌಮ್ಯ, ಆ ತುಂಡ ಬಿಚ್ಚು. ನೀನಾದ್ರೂ ನೋಡ್ಬಾರ್ದಾ? ಬಾಯಿಗೂ ಹೊಲಿಗೆ ಹಾಕ್ಕಂಡಿದ್ದೀಯೇನು?"

ಕತ್ತರಿ ತೆಗೆದುಕೊಂಡೆ. ಅದನ್ನು ಒಯ್ದು ಹಿನಾಳ ಮಶೀನಿನ ಮೇಲಿಟ್ಟೆ.

"ಬಿಚ್ಚಲ್ಲ ಸಾರ್. ಹಿನಾ ಅಲ್ಲ, ನಾನು ಹೊಲ್ದಿದ್ದು. ನಮ್ಮವ್ವ ಇದ್ನ ಹಾಕ್ಕಂಡು ಸೊಪ್ಪು ಕುಯ್ದವ್ಳೆ. ಆ ತುಂಡಿಲ್ದಿದ್ರೆ ಇದ್ರಲ್ಲಿ ಕೈ ಎತ್ತಕ್ಕಾಗಲ್ಲ."