ಬಿಳಿಯದನ್ನು ತೊಳೆದ ಶನಿವಾರ

ಕಲೆ ಕಂಡರೆ ಆ ಲಾಂಡ್ರಿಯವನ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಅಂಗಿ ನೋಡಿ, "ಹಾಲಿನ ಕಲೆಗೆ ಬಿಸಿನೀರು ಹಾಕಿದ್ದೀರಲ್ಲ, ಅದಕ್ಕೇ ಕೂತುಬಿಟ್ಟಿದೆ" ಎಂದು ಕೇಳದಿದ್ದರೂ ಬುದ್ಧಿ ಹೇಳಿ ಬೈಸಿಕೊಂಡ ಆಸಾಮಿ ಅವನು. ಮದುವೆಯಾದ ಹೊಸದರಲ್ಲಿ ಹೆಂಡತಿ ಇದಕ್ಕೆಲ್ಲ ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು, ಕೊನೆಗೆ ಅವನನ್ನೇ ಬಿಟ್ಟಳು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆ ರಾಮಾಯಣ ಇಲ್ಲಿ ಬೇಡ.

ಮಗಳು ಊರಿನ ಆಚೆ ತುದಿಯಲ್ಲಿ ಅಮ್ಮನ ಜೊತೆ ಇದ್ದಳು. ಭಾನುವಾರ ಮಾತ್ರ ಅಪ್ಪನ ಪಾಲು. ಹತ್ತು ವರ್ಷದ ಹುಡುಗಿಗೆ ಅಪ್ಪನ ಒಂಟಿ ಕೋಣೆಯಲ್ಲಿ ಏನಿದೆ ಹೇಳಿ? ಊಟ ಮುಗಿಯುತ್ತಲೇ ಅವಳ ಕಣ್ಣು ಗಡಿಯಾರದ ಕಡೆ ಹೋಗುತ್ತಿತ್ತು. ಒಂದು ವಾರ ಹೋಂವರ್ಕ್, ಇನ್ನೊಂದು ವಾರ ಗೆಳತಿಯ ಹುಟ್ಟುಹಬ್ಬ, ಮತ್ತೊಂದು ವಾರ ತಲೆನೋವು. ಮಗಳು ಕೈತಪ್ಪಿ ಹೋಗುತ್ತಿದ್ದಾಳೆಂದು ಅವನಿಗೆ ಗೊತ್ತಾಗುತ್ತಿತ್ತು, ಹಿಡಿದುಕೊಳ್ಳುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಒಂದು ಭಾನುವಾರ ಸಾಕುಪ್ರಾಣಿಗಳ ಅಂಗಡಿಯ ಮುಂದೆ ಅವಳು ನಿಂತವಳು ನಿಂತೇಬಿಟ್ಟಳು. ಗಾಜಿನ ಹಿಂದೆ ಗಿನಿಪಿಗ್‌ಗಳಿದ್ದವು. ಹೆಸರಿನಲ್ಲಿ ಹಂದಿ, ನೋಡಿದರೆ ಇಲಿ, ಬಾಲವೇ ಇಲ್ಲ.

"ಅಮ್ಮನ ಹತ್ರ ಕೇಳಿದ್ದೆ. ಮನೇಲಿ ಪ್ರಾಣಿಗೀಣಿ ಏನೂ ಬೇಡ ಅಂದ್ಲು," ಎಂದಳು ಮಗಳು.

ಅವನ ಕಿವಿ ನೆಟ್ಟಗಾಯಿತು. "ನನ್ನ ಹತ್ರ ಇಟ್ಕೊಳ್ಳೋಣ ಬಿಡು. ನೀನು ಬಂದು ನೋಡ್ಕೋ."

"ಒಂದೇ ತಗೊಂಡ್ಹೋಗ್ಬೇಡಿ ಸಾರ್," ಎಂದ ಅಂಗಡಿಯವನು. "ಜೊತೆ ಇಲ್ದೇ ಇದ್ರೆ ಕೊರಗ್ತವೆ."

ಹೀಗೆ ಜೋಡಿಯೇ ಮನೆಗೆ ಬಂತು, ಎರಡೂ ಹೆಣ್ಣು. ಬಿಳಿಯದಕ್ಕೆ ಹತ್ತಿ, ಕರಿಯದಕ್ಕೆ ಮಸಿ ಎಂದು ಮಗಳೇ ಹೆಸರಿಟ್ಟಳು. ಮೊದಲ ಎರಡು ದಿನ ಅವು ರಟ್ಟಿನ ಡಬ್ಬಿಯಿಂದ ಆಚೆ ಮೂತಿ ಹಾಕಲಿಲ್ಲ. ಮೂರನೆಯ ದಿನ ಸೌತೆಕಾಯಿ ಹೆಚ್ಚುವ ಸದ್ದಿಗೆ ಎರಡೂ ಒಟ್ಟಿಗೆ "ವೀಕ್ ವೀಕ್" ಎಂದು ಕೂಗಿದವು. ಅವನು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಅದನ್ನು ಹೇಳುವುದಕ್ಕೆಂದೇ ಮಗಳಿಗೆ ಫೋನ್ ಮಾಡಿದ. ಅವನಾಗಿ ಅವಳಿಗೆ ಹೇಳುವಂಥ ಸುದ್ದಿ ಅವನ ಬಳಿ ಇದ್ದದ್ದು ಅದೇ ಮೊದಲು.

ಆಮೇಲಿನ ಭಾನುವಾರಗಳನ್ನು ಕೇಳಬೇಡಿ. ಹುಡುಗಿ ತಿಂಡಿ ತಿನ್ನುವ ಮುಂಚೆಯೇ ಹಾಜರ್. ತಲೆನೋವು ಎಲ್ಲಿಗೆ ಓಡಿಹೋಯಿತೋ! ಅಪ್ಪ ಮಗಳು ನೆಲದ ಮೇಲೆ ಬೋರಲು ಮಲಗಿ, ಹುಲ್ಲಿನ ಕಡ್ಡಿ ಹಿಡಿದುಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಶಾಲೆಯ ಜಗಳ, ಗಣಿತದ ಮೇಷ್ಟ್ರ ಗೊರಕೆ, ಎಲ್ಲ ಹೊರಗೆ ಬಂತು. ಸಂಜೆ ಅಮ್ಮ ಕರೆದೊಯ್ಯಲು ಬಂದಾಗ, "ಇನ್ನೊಂದು ಸ್ವಲ್ಪ ಹೊತ್ತಮ್ಮಾ" ಎಂಬ ಮಾತು ಕೇಳಿ ಅವನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಆದರೆ ಬಿಳಿ ಬಿಳಿಯೇ. ಹತ್ತಿಯ ಹೊಟ್ಟೆ, ಹಿಂಗಾಲು ಉಚ್ಚೆಯಲ್ಲಿ ಹಳದಿಯಾಗತೊಡಗಿತು. "ಅಪ್ಪಾ, ಇದು ವಾಸನೆ ಬರ್ತಿದೆ," ಎಂದು ಮಗಳು ಒಂದು ಸಲ ಮೂಗು ಹಿಡಿದು ನಕ್ಕಳು. ತಮಾಷೆಗೆ ಅಂದ ಮಾತು. ಅವನು ಅದನ್ನು ವಾರವಿಡೀ ತಲೆಯಲ್ಲಿ ಹೊತ್ತು ತಿರುಗಿದ. ವಾಸನೆ ಬಂದರೆ ನಾಳೆ ಮುದ್ದಾಡಲಿಕ್ಕಿಲ್ಲ, ನಾಡಿದ್ದು ಬರಲಿಕ್ಕಿಲ್ಲ ಎಂಬಲ್ಲಿಗೆ ಅವನ ಲೆಕ್ಕಾಚಾರ ಹೋಗಿ ಮುಟ್ಟಿತು.

ಶನಿವಾರ ಹತ್ತಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಲಾಂಡ್ರಿಗೆ ತಂದ. ಉಣ್ಣೆಯನ್ನು ಹೇಗೆ ತೊಳೆಯಬೇಕೋ ಹಾಗೆಯೇ ತೊಳೆದ. ಉಗುರುಬೆಚ್ಚಗಿನ ನೀರು, ಮಗುವಿನ ಸೋಪು, ಹಿಂಡದೆ ಟವೆಲ್ಲಿನಲ್ಲಿ ಒತ್ತಿ ತೆಗೆಯುವುದು. ಅದು ನಡುಗುತ್ತಿತ್ತು. ಪಾಪ, ಚಳಿಯಾಗಿದೆ ಎಂದುಕೊಂಡ. ಉಣ್ಣೆ ಒಣಗಿಸುವ ಜಾಗವಾದರೂ ಯಾವುದು? ಬಾಯ್ಲರಿನ ಮೇಲಿನ ಅಟ್ಟ. ಅಲ್ಲಿ ಎಂಥ ಸ್ವೆಟರೂ ಹೂವಿನ ಹಾಗೆ ಅರಳಿಕೊಂಡು ಒಣಗುತ್ತದೆ. ಬುಟ್ಟಿಯ ಮುಚ್ಚಳ ಹಾಕಿ ಅಲ್ಲಿಟ್ಟ. ಅಷ್ಟರಲ್ಲಿ ಯಾರೋ ಮದುಮಗನ ಕೋಟು ತಂದು ಈಗಲೇ ಬೇಕೆಂದು ಕೂತರು. ಕೋಟಿನ ತೋಳು, ಪಟ್ಟಿ, ಗುಂಡಿ ಎಂದು ಇಸ್ತ್ರಿ ಮುಗಿಸಿ ಬುಟ್ಟಿ ಇಳಿಸಿದಾಗ ಹತ್ತಿ ಕಾಲು ಚಾಚಿ ಮಲಗಿತ್ತು. ಚೆನ್ನಾಗಿ ಒಣಗಿತ್ತು, ಹಳದಿಯ ಸುಳಿವೇ ಇರಲಿಲ್ಲ. ಉಸಿರೂ ಇರಲಿಲ್ಲ.

ಅವನು ಅಂಗಡಿಯ ಬಾಗಿಲು ಎಳೆದುಕೊಂಡು, ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಸಂಜೆ ಸಾಕುಪ್ರಾಣಿ ಅಂಗಡಿಗೆ ಓಡಿದ. ಅಲ್ಲಿ ಅಂಥದೇ ಒಂದು ಬಿಳಿಯದಿತ್ತು. "ತಗೊಂಡ್ಹೋಗಿ ಸಾರ್, ಮಕ್ಕಳಿಗೆಲ್ಲಿ ಗೊತ್ತಾಗತ್ತೆ," ಎಂದ ಅಂಗಡಿಯವನು. ಅವನು ಅದನ್ನು ಕೈಗೆತ್ತಿಕೊಂಡೂ ಬಿಟ್ಟ. ಆದರೆ ಗಂಡಹೆಂಡಿರು ಬೇರೆಯಾದಾಗ, ಅಪ್ಪನಿಗೆ ದೂರದಲ್ಲಿ ಕೆಲಸ ಸಿಕ್ಕಿದೆ ಎಂದು ಇಬ್ಬರೂ ಸೇರಿ ಮಗಳನ್ನು ನಂಬಿಸಿದ್ದರು. ನಿಜ ತಿಳಿದ ದಿನ ಅವಳು ಅವನನ್ನು ನೋಡಿದ ನೋಟ ಅವನಿಗಿನ್ನೂ ಮರೆತಿರಲಿಲ್ಲ. ಆ ಮರಿಯನ್ನು ವಾಪಸು ಗಾಜಿನೊಳಗೆ ಬಿಟ್ಟು ಬಂದ.

ಭಾನುವಾರ ಅವಳು ಚಪ್ಪಲಿ ಬಿಡುವ ಮುಂಚೆಯೇ ಎಲ್ಲವನ್ನೂ ಹೇಳಿದ. ಮಗಳು ಅಳಲಿಲ್ಲ. ಬುಟ್ಟಿಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು.

"ಅದು ಕೂಗ್ಲಿಲ್ವಾ ಅಪ್ಪಾ?"

"ಕೂಗಿರ್ಬೇಕು ಪುಟ್ಟಿ. ಬಾಯ್ಲರ್ ಸದ್ದಲ್ಲಿ ನಂಗೆ ಕೇಳಿಸ್ಲಿಲ್ಲ."

ಆಗ ಅತ್ತಳು. ಅವನು ಹತ್ತಿರ ಹೋಗಲು ಹೆದರಿ ಗೋಡೆಗೆ ಒರಗಿಯೇ ನಿಂತಿದ್ದ. ಗೂಡಿನ ಮೂಲೆಯಲ್ಲಿ ಮಸಿ ಒಂದೇ ಕೂತಿತ್ತು, ಸೌತೆಕಾಯಿ ಮುಟ್ಟಿರಲಿಲ್ಲ.

"ಇನ್ನೊಂದು ತರೋಣ," ಎಂದ ಅವನು. "ಈಗ್ಲೇ ಹೋಗೋಣ ಬಾ. ನೀನೇ ಆರಿಸು."

"ಬೇಡಪ್ಪಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಅದನ್ನೂ ತೊಳೀತೀಯ."

ಅವನು ಇನ್ನು ಯಾವತ್ತೂ ತೊಳೆಯುವುದಿಲ್ಲ ಎಂದು ಆಣೆ ಮಾಡಬಹುದಿತ್ತು. ಮಾಡಿದರೂ ಮಗಳು ನಂಬುವುದಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು.

ಸಂಜೆ ಬಂದ ಅಮ್ಮ ವಿಷಯ ಕೇಳಿ ಹೊಸಿಲಲ್ಲೇ ನಿಂತಳು. ಏನಾದರೂ ಚುಚ್ಚುತ್ತಾಳೆಂದು ಅವನು ತಲೆ ತಗ್ಗಿಸಿ ಕಾದ. ಅವಳು ಮಗಳ ತಲೆ ಸವರಿ, "ಅಪ್ಪ ಬೇಕಂತ ಮಾಡಿದ್ದಲ್ಲಮ್ಮ," ಎಂದಳು. ಬೈದಿದ್ದರೇ ವಾಸಿಯಿತ್ತು. ಆಮೇಲೆ ಗೂಡಿನೊಳಗೆ ಇಣುಕಿ, "ಹೋಗ್ಲಿ, ಇದನ್ನ ನಮ್ಮನೇಗೇ ತಗೊಂಡ್ಹೋಗೋಣ. ಇದಕ್ಕೊಂದು ಜೊತೆ ತಂದ್ರಾಯ್ತು," ಎಂದಳು. ಮಗಳ ಮುಖ ಅಷ್ಟು ಅಳುವಿನಲ್ಲೂ ಅರಳಿತು. ಅವನೇ ಹುಲ್ಲು ಕಟ್ಟಿಕೊಟ್ಟ, ನೀರಿನ ಬಾಟಲಿ ಕಟ್ಟಿಕೊಟ್ಟ, ಗೂಡನ್ನು ರಸ್ತೆಯವರೆಗೆ ಹೊತ್ತು ಆಟೋದಲ್ಲಿಟ್ಟ. ಮನೆಗೆ ಬಂದು ನೆಲ ಗುಡಿಸಿದ. ಅಷ್ಟು ಚೊಕ್ಕಟವಾದ ಕೋಣೆ ಅವನಿಗೆ ಯಾವತ್ತೂ ಅಷ್ಟು ಬೇಸರವೆನಿಸಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ತಿಂಡಿಯನ್ನು ಇಬ್ಬರಿಗೆ ಮಾಡಿಟ್ಟು ಕಾಯುತ್ತಿದ್ದಾಗ ಫೋನ್ ಬಂತು. ಮಗಳ ದನಿಯಲ್ಲಿ ಸಂಭ್ರಮ. "ಅಪ್ಪಾ, ನಿನ್ನೆ ಒಂದು ಕಂದು ಬಣ್ಣದ್ದು ತಂದ್ವಿ! ಮಸಿ ಮೊದ್ಲು ಅಟ್ಟಿಸ್ಕೊಂಡು ಹೋಯ್ತು, ಆಮೇಲೆ ಎರಡೂ ಒಟ್ಟಿಗೆ ಹುಲ್ಲು ತಿಂದ್ವು!"

"ಹೌದಾ? ಭಾರೀ ಚೆನ್ನಾಯ್ತು," ಎಂದ. "ಎಷ್ಟೊತ್ತಿಗೆ ಬರ್ತೀಯಾ ಪುಟ್ಟಿ?"

"ಇವತ್ತು ಬರಲ್ಲ ಅಪ್ಪಾ. ಹೊಸದು ಇನ್ನೂ ಹೆದರ್ಕೊಂಡಿದೆ. ನಾನು ಬಿಟ್ಟು ಬಂದ್ರೆ ಪಾಪ, ಬೇಜಾರು ಮಾಡ್ಕೊಳತ್ತೆ."

"ಹೌದು ಮಗಳೇ," ಎಂದ ಅವನು. "ಬಿಟ್ಟು ಬರ್ಬೇಡ."

ಮುಂದಿನ ವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ.