ಎಲ್ಕ್‌ಗೆ ತಕ್ಕ ಗುಂಡು

ಮೊಂಟಾನಾದ ನಮ್ಮ ಕಡೆ ಗಂಡು ಎಲ್ಕ್ ಜಿಂಕೆ ಹೊಡೆಯಲು ಪರವಾನಗಿ ಬೇಕು; ಚೀಟಿಯೆತ್ತಿದಾಗ ಹೆಸರು ಬಂದರಷ್ಟೇ ಅದು ಸಿಗುತ್ತದೆ. ವೆಂಡೆಲ್‌ಗೆ ಸಿಗುವಷ್ಟರಲ್ಲಿ ವರ್ಷಗಳುರುಳಿ ಮಂಡಿ ಸವೆದಿತ್ತು. ಗುಡ್ಡ ಹತ್ತದೆ ದೂರದಿಂದಲೇ ಹೊಡೆಯೋಣವೆಂದು ಗುರಿಸ್ಪರ್ಧೆಯ ತೆಳು ಕವಚದ ಗುಂಡುಗಳನ್ನು ತೋಟಾಗಳಿಗೆ ತುಂಬಿ, ಅಭ್ಯಾಸ ಮಾಡಿದ.

"ನೋಡಕ್ಕ, ಆರುನೂರು ಗಜದಿಂದ ಎಲ್ಲಾ ಒಂದೇ ಬಟ್ಟಲಗಲದಲ್ಲಿ!" ಎಂದು ತೂತುಬಿದ್ದ ಕಾಗದ ತೋರಿಸಿದ.

ಅಕ್ಕ ಲೊರೆಟಾ ಹಳೆಯ ಬೇಟೆಗಾರ್ತಿ. "ಕಾಗದಕ್ಕೆ ಮೂಳೆ ಇರಲ್ಲ ಕಣೋ. ಈ ತೆಳು ಗುಂಡು ಎಲ್ಕ್ ಹೆಗಲಿಗೆ ಬಡಿದ್ರೆ ಅಲ್ಲೇ ಪುಡಿಯಾಗತ್ತೆ. ಆಮೇಲೆ ಗಾಯದ ಪ್ರಾಣಿ ಹಿಂದೆ ಕಣಿವೆ ಇಳಿಯೋರ್ಯಾರು, ನೀನಾ?"

ಗೊಣಗುತ್ತ ವೆಂಡೆಲ್ ದಪ್ಪ ಕವಚದ ಬೇಟೆಗುಂಡು ತುಂಬಿದ. ಅವನ ಬಂದೂಕಿನಲ್ಲಿ ಅವು ಅಷ್ಟು ದೂರಕ್ಕೆ ಮೊರದಗಲ ಹರಡಿದವು. ಬೇರೆ ದಾರಿಯಿಲ್ಲದೆ ನವೆಂಬರಿನ ಹಿಮದಲ್ಲಿ ಹೊಟ್ಟೆಯ ಮೇಲೆ ತೆವಳಿ ಹತ್ತಿರ ಹೋದ. ಒಂದೇ ಗುಂಡಿಗೆ ಎಲ್ಕ್ ಬಿತ್ತು.

ಮಾಂಸ ಬಿಡಿಸಲು ಲೊರೆಟಾ ಚಾಕು ಹಿಡಿದು ಬಂದಾಗ ವೆಂಡೆಲ್ ಇನ್ನೂ ಹಿಮದಲ್ಲೇ ಬಿದ್ದುಕೊಂಡಿದ್ದ. "ಏಳೋ ಮೇಲೆ, ಸತ್ತಿದ್ದು ಅದು, ನೀನಲ್ಲ."