ಕಲ್ಲು ಡಾಕ್ಟ್ರ ಅರ್ಧ ನಿಮಿಷ

ನಮ್ಮ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥರಿಗೆ ನಾವು ನರ್ಸ್‌ಗಳು ಇಟ್ಟ ಹೆಸರು ಕಲ್ಲು ಡಾಕ್ಟ್ರು. ಪಕ್ಕೆ ಹಿಡಿದುಕೊಂಡು ಬಂದವರಿಗೆಲ್ಲ ಕಿಡ್ನಿಯಲ್ಲಿ ಕಲ್ಲು ಎಂದುಬಿಡುವುದು ಆ ಮಹಾಶಯರ ಪದ್ಧತಿ. ಅಲ್ಟ್ರಾಸೌಂಡ್ ಮಾಡುವುದಿಲ್ಲ ಎಂದಲ್ಲ. ಮಾಡುತ್ತಾರೆ, ಅರ್ಧ ನಿಮಿಷ, ಅದೂ ನಿಂತುಕೊಂಡೇ. ಮೂತ್ರ ಕಟ್ಟಿಕೊಂಡು ಕಿಡ್ನಿ ಊದಿದ್ದರೆ ದೊಡ್ಡ ಕಲ್ಲು, ಊದಿರದಿದ್ದರೆ ಸಣ್ಣ ಕಲ್ಲು. ಇಷ್ಟು ಹೇಳುವುದಕ್ಕೆ ಮಷೀನ್ ಯಾಕೆ ಬೇಕಿತ್ತೋ! ಬಾಗಿಲಲ್ಲಿ ನಿಂತ ವಾಚ್‌ಮನ್ನೂ ಹೇಳುತ್ತಿದ್ದ.

ಆವತ್ತು ಬೆಳಿಗ್ಗೆ ಬಂದವರು ರಿಟೈರಾದ ಬಸ್ ಡ್ರೈವರ್, ಅರವತ್ತೆಂಟು ವರ್ಷ. ಎಡ ಪಕ್ಕೆಯಲ್ಲಿ ನೋವು, ಅಂಗಿ ಹಿಂಡುವಷ್ಟು ಬೆವರು. ಹೆಂಡತಿ ಪಕ್ಕದಲ್ಲೇ ನಿಂತು ಟವೆಲ್ಲಿನಿಂದ ಹಣೆ ಒರೆಸುತ್ತಿದ್ದರು. ಡಾಕ್ಟ್ರು ಎಡ ಕಿಡ್ನಿಯ ಮೇಲೆ ಅಲ್ಟ್ರಾಸೌಂಡ್ ಮಷೀನಿನ ಹಿಡಿ, ಅಂದರೆ ಪ್ರೋಬ್, ಆಡಿಸಿದರು. ಕಿಡ್ನಿ ಊದಿರಲಿಲ್ಲ.

“ಸಣ್ಣ ಕಲ್ಲು. ಇಂಜೆಕ್ಷನ್ ಕೊಟ್ಟು ಮನೆಗೆ ಕಳ್ಸಿ. ನೀರು ಜಾಸ್ತಿ ಕುಡೀಲಿ.”

ಇಂಜೆಕ್ಷನ್ ಕೊಟ್ಟೆ. “ಏಳಿ, ಮನೆಗೆ ಹೊರಡಿ” ಎಂದೆ. ಹೆಂಡತಿ ಬಗ್ಗಿ ಗಂಡನ ಕಾಲಿಗೆ ಚಪ್ಪಲಿ ಹಾಕತೊಡಗಿದರು. ಆಗ ನಮ್ಮ ಹೊಸ ಡಾಕ್ಟರಮ್ಮ ಬಾಯಿಬಿಟ್ಟಳು. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ.

“ಸರ್, ಈ ವಯಸ್ಸಲ್ಲಿ ಮೊದಲ್ನೇ ಸಲ ಕಲ್ಲು ಅಂದ್ರೆ ಯಾಕೋ ಅನುಮಾನ. ಹೊಟ್ಟೆ ನಡುವಿನ ದೊಡ್ಡ ರಕ್ತನಾಳಾನೂ ಒಂದ್ಸಲ ನೋಡ್ಬಿಡ್ಲಾ?”

“ನೋಡಮ್ಮಾ, ನೋಡು. ಇಪ್ಪತ್ತು ವರ್ಷ ನಾನಿಲ್ಲಿ ಕತ್ತೆ ಕಾಯ್ತಿದ್ನಲ್ಲ!” ಎಂದು ಹಲ್ಲು ಕಿರಿದು ಟೀ ಕುಡಿಯಲು ಹೋದರು. ಆ ಜಂಬಕ್ಕೆ ಏನನ್ನಬೇಕೋ.

ಅವಳು ಜೆಲ್ ಹಚ್ಚಿ ಪ್ರೋಬನ್ನು ಹೊಕ್ಕುಳಿನ ಮೇಲ್ಭಾಗಕ್ಕೆ ತಂದಳು. ಹೆಬ್ಬೆರಳ ದಪ್ಪ ಇರಬೇಕಾದ ರಕ್ತನಾಳ ಮುಷ್ಟಿಯಷ್ಟು ಉಬ್ಬಿತ್ತು, ಒಳಗೇ ಸೋರತೊಡಗಿತ್ತು. ಪೂರ್ತಿ ಒಡೆದರೆ ಆ ಮನುಷ್ಯ ಮನೆ ಮುಟ್ಟುವ ಮಾತೇ ಇರಲಿಲ್ಲ.

“ಸಿಸ್ಟರ್, ಸರ್ಜನ್‌ಗೆ ಫೋನ್ ಮಾಡಿ, ಈಗ್ಲೇ! ರಕ್ತ ರೆಡಿ ಮಾಡ್ಸಿ!”

ಹತ್ತು ನಿಮಿಷದಲ್ಲಿ ಸ್ಟ್ರೆಚರ್ ಆಪರೇಷನ್ ಥಿಯೇಟರಿಗೆ ಓಡಿತು. ಡಾಕ್ಟರಮ್ಮನೂ ಜೊತೆಗೇ ಓಡಿದಳು.

ಒಂದು ಗಂಟೆ ಕಳೆದ ಮೇಲೆ ಕಲ್ಲು ಡಾಕ್ಟ್ರು, ನಾನೂ ಡ್ರೈವರ್ ಹೆಂಡತಿಯೂ ಕೂತಿದ್ದ ಥಿಯೇಟರ್ ಮುಂದಿನ ಬೆಂಚಿನ ಹತ್ತಿರ ಬಂದು ಆಕೆಯ ಮುಂದೆ ನಿಂತರು. “ಸರಿಯಾದ ಟೈಮಿಗೆ ಕಂಡುಹಿಡಿದ್ವಿ ಕಣಮ್ಮಾ. ಸ್ಕ್ಯಾನ್ ಮಾಡುವಾಗ್ಲೇ ನಂಗೆ ಡೌಟ್ ಬಂದಿತ್ತು.”

ಕಂಡುಹಿಡಿದರಂತೆ! ಥೂ, ನಾಚಿಕೆಯಾದರೂ ಬೇಡವೇ? ಆಕೆಯೋ ಎದ್ದು ನಿಂತು ಕೈ ಮುಗಿದು, “ನೀವೇ ಕಾಪಾಡಿದ್ರಿ ಸರ್” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಆ ಕಡೆ ಹೋಗುವುದನ್ನೇ ಕಾದಿದ್ದು ಆಕೆಯ ಮೇಲೆ ಹರಿಹಾಯ್ದೆ.

“ಏನಮ್ಮಾ ನೀವು! ಮನೆಗೆ ಕಳ್ಸಿ ಅಂದಿದ್ದು ಆ ಮನುಷ್ಯ. ಕಂಡುಹಿಡಿದಿದ್ದು ಆ ಹುಡುಗಿ. ಅಂಥವರಿಗೆಲ್ಲ ಯಾಕೆ ಕೈ ಮುಗೀತೀರಾ?”

“ನಾನೂ ಅಲ್ಲೇ ಇದ್ನಲ್ಲ ಸಿಸ್ಟರ್, ಎಲ್ಲಾ ಕೇಳಿಸ್ಕೊಂಡಿದೀನಿ,” ಎಂದರು ಆಕೆ ಮೆಲ್ಲಗೆ. “ನಮ್ಮೋರು ಇನ್ನೂ ನಿಮ್ಮ ಆಸ್ಪತ್ರೆ ಒಳಗೇ ಇದ್ದಾರೆ. ಅವ್ರು ಜೀವಂತ ಹೊರಗೆ ಬರೋ ತನಕ ಯಾರಿಗೆ ಬೇಕಾದ್ರೂ ಮುಗೀತೀನಿ.”

ಆಮೇಲೆ ನನ್ನ ಮುಖವನ್ನೇ ನೋಡಿ, ನನಗೂ ಕೈ ಮುಗಿದರು.